ಮೊದಲ ಟ್ರಂಪೆಟ್ಟಿನ ಕುರ್ಚಿ

ಗುರುವಾರ, ಸೆಪ್ಟೆಂಬರ್ ೧೨
ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟಿಗೆ,

ಅಮ್ಮನ ಪ್ರೀತಿ, ಮುತ್ತು, ಜೊತೆಗೆ ಒಂದು ದೊಡ್ಡ ಕ್ಷಮೆ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಮೊದಲ ನಾಲ್ಕು ದಿನ ಹೊಸದಾಗಿ ಬಂದ ಸ್ವರಹಾಳೆಗಳಿಗೆ ಬ್ಯಾಂಡಿನ ಮೊಹರು ಒತ್ತಿ, ವಾದ್ಯಕ್ಕೊಂದರಂತೆ ವಿಂಗಡಿಸುವುದರಲ್ಲಿ ಕಳೆಯಿತು. ಆಮೇಲಿನ ಎರಡು ದಿನ ನೆಗಡಿ. ಉಳಿದ ಮೂರು ದಿನಕ್ಕೆ ಹೇಳಲು ನೆಪವೇ ಇಲ್ಲ. ಕಾಗದವನ್ನು ಸಕ್ಕರೆ ಡಬ್ಬಿಯ ಕೆಳಗಿಟ್ಟು, ಟೀ ಮಾಡಿದಾಗಲೆಲ್ಲ ಎತ್ತಿ ಓದಿ ಮತ್ತೆ ಅಲ್ಲೇ ಇಡುತ್ತಿದ್ದೆ. ನಾನು ಮಾತಿನ ಮಲ್ಲಿ, ಬರೆಯಲು ಕೂತರೆ ಮಾತ್ರ ಸೋಮಾರಿ, ನಿನಗೆ ಗೊತ್ತಲ್ಲ.

ನಾವಿಬ್ಬರೂ ಗುಂಡುಕಲ್ಲಿನ ಹಾಗಿದ್ದೇವೆ. ಅಪ್ಪನ ಮಂಡಿನೋವು ಹಾಗೇ ಇದೆ, ಕನ್ನಡಕದಂಗಡಿಯೂ ಹಾಗೇ ಇದೆ. ಊರಿಗೆಲ್ಲ ಕನ್ನಡಕ ಹಾಕಿಸುವ ಮನುಷ್ಯ ತಮ್ಮ ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವುದೂ ಹಾಗೇ ಇದೆ.

ಈಗ ನಿನ್ನ ವಿಷಯ. ನಿಮ್ಮ ಹೆಡ್ ಮಿಸ್ಸು ಕರೆದು, "ಗಣಿತದ ಜೊತೆಗೆ ಶಾಲೆ ಬ್ಯಾಂಡನ್ನೂ ನೀವೇ ನೋಡ್ಕೊಳ್ಳಿ" ಅಂದರಂತೆ. ಬರುವ ಸೋಮವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಇಪ್ಪತ್ತಾರು ಮಕ್ಕಳು, ಡಿಸೆಂಬರಿನಲ್ಲಿ ಕಾರ್ಯಕ್ರಮ, ಬೀರುವಿನಲ್ಲಿ ನೆಟ್ಟಗಿರುವ ಸ್ವರಹಾಳೆ ಒಂದೂ ಇಲ್ಲ. ಏನನ್ನು ಆರಿಸಲಿ, ಹೇಗೆ ಆರಿಸಲಿ ಎಂದು ಕೇಳಿದ್ದೀಯ. ಕೊನೆಯ ಸಾಲುಗಳಲ್ಲಿ ಇನ್ನೊಂದನ್ನೂ ಕೇಳಿದ್ದೀಯ. ಹನ್ನೊಂದು ವರ್ಷದ ಹಿಂದೆ ನಮ್ಮ ಬ್ಯಾಂಡಿನಲ್ಲಿ ಟ್ರಂಪೆಟ್ಟು ಊದುತ್ತಿದ್ದ ನೀನು ಆಸೆಪಟ್ಟ ಆ ದೊಡ್ಡ ಕೃತಿಯನ್ನು ನಾನು ಬೇಡವೆಂದು ತಳ್ಳಿಹಾಕಿ ನಿನಗೆ "ಇನ್ನೂ ಮಾಗಿಲ್ಲ" ಅಂದೆನಲ್ಲ, ಅದು ನಿಜವೇ, ನಿಜಕ್ಕೂ ನಿನ್ನ ಕೈಲಿ ಆಗುತ್ತಿರಲಿಲ್ಲವೇ ಅಂತ. ಆಗದವಳು ಮಕ್ಕಳ ಮುಂದೆ ನಿಂತು ನಗೆಪಾಟಲಾಗುವುದಕ್ಕಿಂತ ಈಗಲೇ ಉಹೂಂ ಅನ್ನುವುದು ಮೇಲು ಅಂತ ಬರೆದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೆಲಸದ ಮಾತು.

ಕೆಲಸದ ಮಾತಿನಲ್ಲಿ ನಿನ್ನ ಅಮ್ಮನನ್ನು ಮೀರಿಸುವವರು ಈ ಊರಲ್ಲಿಲ್ಲ. ಜಂಬ ಅಂದುಕೊಳ್ಳಬೇಡ, ಅಂದುಕೊಂಡರೂ ನನಗೇನೂ ಬೇಜಾರಿಲ್ಲ. ಇಪ್ಪತ್ತೆಂಟು ವರ್ಷದಿಂದ ಈ ಬ್ಯಾಂಡಿನ ಮುಂದೆ ಕೋಲು ಹಿಡಿದು ನಿಂತಿದ್ದೇನೆ. ಯಾರ ಉಸಿರು ಎಲ್ಲಿ ಮುಗಿಯುತ್ತದೆ, ಯಾರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಮೊಟ್ಟಮೊದಲು, ರೆಕಾರ್ಡಿಂಗ್ ಕೇಳಿ ಮರುಳಾಗಬೇಡ. ಪ್ರಕಾಶಕರು ಕೇಳಿಸುವ ರೆಕಾರ್ಡಿಂಗಿನಲ್ಲಿ ನುಡಿಸಿದವರು ಅದನ್ನೇ ಉಂಡು ಉಸಿರಾಡುವ ಜನ. ಅದನ್ನು ನಂಬಿ ಆರಿಸುವುದೆಂದರೆ ಅಂಗಡಿಯ ಬೊಂಬೆಗೆ ತೊಡಿಸಿದ ಅಂಗಿ ನೋಡಿ ನಮ್ಮ ಮೈಗೆ ತಂದ ಹಾಗೆ. ನೀನು ಮೊದಲು ಕುರ್ಚಿ ಎಣಿಸು. ಪಟ್ಟಿಯಲ್ಲಿ ಇರುವವರನ್ನಲ್ಲ, ಅಭ್ಯಾಸಕ್ಕೆ ನಿಜವಾಗಿ ಬಂದು ಕೂರುವವರನ್ನು. ನಮ್ಮಲ್ಲಿ ಓಬೋ ನುಡಿಸುವವರು ಒಬ್ಬರೇ, ಹಲ್ಲಿನ ಡಾಕ್ಟರಮ್ಮ. ಊರಲ್ಲಿ ಯಾರಿಗಾದರೂ ದವಡೆ ಊದಿಕೊಂಡಿತೋ, ಅವತ್ತು ಬ್ಯಾಂಡಿನಲ್ಲಿ ಓಬೋ ಇಲ್ಲ. ಅದಕ್ಕೇ ಓಬೋದ ಮುಖ್ಯ ಸಾಲುಗಳನ್ನು ಫ್ಲೂಟಿನವರ ಹಾಳೆಯಲ್ಲೂ ಸಣ್ಣದಾಗಿ ಅಚ್ಚು ಹಾಕಿರುವ ಕೃತಿಗಳನ್ನೇ ನಾನು ತರಿಸುವುದು. ಒಬ್ಬರು ಇಲ್ಲದಿದ್ದರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಎಲ್ಲ ವಾದ್ಯಗಳ ಸಾಲೂ ಒಟ್ಟಿಗಿರುವ ಸ್ಕೋರು ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಮೇಲಿನ ಸಾಲಿಗೆ ಹೋಗುತ್ತದೆ, ರಾಗ ಅಲ್ಲಿರುತ್ತದಲ್ಲ. ನೀನು ಮೂರನೇ ಕ್ಲಾರಿನೆಟ್ಟಿನಿಂದ ಓದಲು ಶುರುಮಾಡು. ಅಲ್ಲಿ ಕೂರುವವರು ಹೊಸಬರು, ನಾಚಿಕೆಯವರು. ಅವರಿಗೆ ಪುಟಕ್ಕೊಂದಾದರೂ ಸೊಗಸಾದ ಸಾಲು ಇರಬೇಕು. ಮೂವತ್ತೆರಡು ಎಣಿಕೆ ಸುಮ್ಮನೆ ಕೂತು ಒಂದೇ ಒಂದು ಸಲ "ಪೂಂ" ಅನ್ನುವ ಮಗು ಎರಡನೇ ವಾರಕ್ಕೆ ಹೊಟ್ಟೆನೋವು ಅನ್ನುತ್ತದೆ. ಟ್ಯೂಬಾದವರಿಗೂ ಅಷ್ಟೇ. ನಮ್ಮ ಆನೆಮರಿ ನೆನಪಿದ್ದಾಳಲ್ಲ, ಅಂಚೆ ಕಚೇರಿಯ ಆ ಕಡ್ಡಿಯಂಥ ಹೆಂಗಸು, ಟ್ಯೂಬಾ ತೊಡೆಯ ಮೇಲಿಟ್ಟುಕೊಂಡರೆ ಹಣೆ ಮಾತ್ರ ಕಾಣುತ್ತದೆ. ಹೋದ ವರ್ಷ ಅವಳಿಗೆ ಎಂಟು ಎಣಿಕೆಯ ಒಂದು ರಾಗ ಸಿಕ್ಕಿತು. ಎಂಟೇ. ಅವಳ ಗಂಡ, ಮಕ್ಕಳು, ಅತ್ತೆ, ಅತ್ತೆಯ ತಂಗಿ, ಎಲ್ಲರೂ ಮುಂದಿನ ಸಾಲಿನಲ್ಲಿ ಕೂತಿದ್ದವರು ಎದ್ದು ನಿಂತು ಚಪ್ಪಾಳೆ ಹೊಡೆದ ಹೊಡೆತಕ್ಕೆ ಮುಂದಿನ ಹದಿನಾರು ಎಣಿಕೆ ಯಾರಿಗೂ ಕೇಳಲಿಲ್ಲ. ಅವತ್ತಿನಿಂದ ಅವಳು ಒಂದು ದಿನವೂ ಅಭ್ಯಾಸ ತಪ್ಪಿಸಿಲ್ಲ.

ಹೆಸರು ನೋಡಿ ಮೋಸ ಹೋಗಬೇಡ. ನಮ್ಮ ಸಮಿತಿಯ ಅಧ್ಯಕ್ಷರು ಔಷಧಿ ಅಂಗಡಿಯವರು, ಸಂಗೀತವನ್ನೂ ಲೇಬಲ್ಲು ನೋಡಿಯೇ ಕೊಡುವವರು. ಈ ವರ್ಷವೂ ಒಂದು ಪಟ್ಟಿ ಹಿಡಿದುಕೊಂಡು ಬಂದರು.

"ಇದರ ಹೆಸರು ನೋಡಿ ಮೇಡಂ, ಬಿರುಗಾಳಿಯ ಕೋಟೆ! ಜನ ಮುಗಿಬೀಳ್ತಾರೆ."

"ಇದಕ್ಕೆ ನಾಲ್ಕು ಹಾರ್ನ್ ಬೇಕು ಸಾರ್. ನಮ್ಮಲ್ಲಿರೋದು ಒಂದೂವರೆ."

"ಒಂದೂವರೆ ಹೇಗಾಗುತ್ತೆ?"

"ಒಬ್ಬರು ಅರ್ಧ ಅಭ್ಯಾಸ ಆದ್ಮೇಲೆ ಬರ್ತಾರೆ."

ಅವರು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡರು. ನಿನ್ನ ಹೆಡ್ ಮಿಸ್ಸೂ ಇಂಥ ಪಟ್ಟಿ ತರುತ್ತಾರೆ. ನಗುನಗುತ್ತಾ ತೆಗೆದುಕೋ, ನಗುನಗುತ್ತಾ ಹಿಂದೆ ಕೊಡು.

ಪ್ರಕಾಶಕರು ಮಾದರಿಗೆಂದು ಮೊದಲ ನಾಲ್ಕು ಪುಟ ತೋರಿಸುತ್ತಾರೆ, ಗಂಡಾಂತರ ಇರುವುದು ಹನ್ನೊಂದನೇ ಪುಟದಲ್ಲಿ. ನಾನೂ ಎಡವಿದ್ದೇನೆ. ಕೋಲು ಹಿಡಿದ ಎರಡನೇ ವರ್ಷ ಒಂದು ಕೃತಿ ತರಿಸಿದೆ, ಕೊನೆಯ ಪುಟಕ್ಕೆ ಬಂದಾಗ ಸಾಲುಗಂಟೆ ಬೇಕು ಅಂತ ಗೊತ್ತಾಯಿತು. ಆಗ ಡ್ರಮ್ಮು ಬಾರಿಸುತ್ತಿದ್ದ ಬಸ್ ಡಿಪೋದ ಮೆಕ್ಯಾನಿಕ್ಕು ಐದು ಕಬ್ಬಿಣದ ಪೈಪು ಕೊಯ್ದು ಹಗ್ಗಕ್ಕೆ ನೇತುಹಾಕಿದರು. ನಾಲ್ಕು ಪೈಪು ಸರಿಯಾಗಿಯೇ ಹಾಡಿದವು. ಐದನೆಯದು ಕಳಚಿ ಬಿದ್ದು ವೇದಿಕೆಯ ಈ ತುದಿಯಿಂದ ಆ ತುದಿಗೆ ಉರುಳಿತು, ಜನ ಅದನ್ನೂ ಸಂಗೀತವೆಂದೇ ತಿಳಿದರು. ನಮ್ಮ ಪುಣ್ಯ. ಪೂರ್ತಿ ಸ್ಕೋರು ಓದದೆ ಏನನ್ನೂ ತರಿಸಬೇಡ. ಹಾಳೆ ತಿರುವುವ ಜಾಗಗಳನ್ನೂ ನೋಡು, ಎರಡೂ ಕೈ ಕೆಲಸದಲ್ಲಿರುವಾಗ ಪುಟ ಮುಗಿದರೆ ಮಕ್ಕಳೇನು ಹಲ್ಲಿನಲ್ಲಿ ತಿರುವುತ್ತವೆಯೇ? ಮತ್ತೆ, ಕಷ್ಟದ್ದನ್ನು ಕೊನೆಗೆ ಇಡಬೇಡ. ಮುಕ್ಕಾಲು ಗಂಟೆ ಊದಿದ ಮೇಲೆ ತುಟಿ ಸೋಲುತ್ತದೆ. ಎರಡನೆಯದಾಗಿ ಇಡು, ಆಗ ಹೆದರಿಕೆ ಹೋಗಿರುತ್ತದೆ, ಸುಸ್ತು ಬಂದಿರುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಬ್ಯಾಂಡಿಗೆ ಆ ಮಾತು ಮುಕ್ಕಾಲು ಪಾಲು ಸರಿ. ನಾಲ್ಕು ಕೃತಿಗಳಲ್ಲಿ ಮೂರರಲ್ಲಿ ಕಾಲು ಹಾಸಿಗೆಯೊಳಗೇ ಇರಲಿ, ನಾಲ್ಕನೆಯದರಲ್ಲಿ ಹೆಬ್ಬೆರಳು ಹೊರಗೆ ಬರಲಿ. ಒಂದು ಸಲವೂ ಚಾಚದ ಬ್ಯಾಂಡು ಮಲಗಿದಲ್ಲೇ ನಿದ್ದೆ ಹೋಗುತ್ತದೆ.

ಈ ವರ್ಷ ನಾನೂ ಚಾಚಿದ್ದೇನೆ. ನೀನು ನಂಬುವುದಿಲ್ಲ, ಅದೇ ಕೃತಿಯನ್ನು ತರಿಸಿದ್ದೇನೆ, ನೀನು ಕೇಳಿದ್ದನ್ನೇ. ಹೋದ ವಾರ ಪಾರ್ಸಲ್ ಬಂತು. ಮೊದಲ ಟ್ರಂಪೆಟ್ಟಿಗೆ ಈಗ ಆಸ್ಪತ್ರೆಯ ಹೊಸ ನರ್ಸು ಕೂತಿದ್ದಾಳೆ, ಧೈರ್ಯದ ಹುಡುಗಿ. ಆ ಕುರ್ಚಿಯಲ್ಲಿದ್ದ ಅಪ್ಪ ಹಿಂದಿನ ಸಾಲಿಗೆ, ಮೂರನೇ ಟ್ರಂಪೆಟ್ಟಿಗೆ ಹೋಗಿದ್ದಾರೆ, ಮೂರು ವಾರವಾಯಿತು. ಯಾರೂ ಎಬ್ಬಿಸಲಿಲ್ಲ, ಅವರೇ ಎದ್ದು ಹೋದರು. ಬ್ಯಾಂಡಿನವರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು. ಅವರೋ ಹಿಂದೆ ಆರಾಮಾಗಿ ಕೂತು, "ಇಲ್ಲಿಂದ ಎಲ್ಲಾ ಕೇಳುತ್ತೆ ಕಣ್ರೀ, ಇಷ್ಟು ವರ್ಷ ನಾನು ಊದಿದ್ದೊಂದೇ ನನಗೆ ಕೇಳ್ತಿತ್ತು" ಅಂತ ನಗುತ್ತಾರೆ. ಅವರು ಅಷ್ಟು ನಿರಾಳವಾಗಿ ನಕ್ಕದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಹಳೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಪುಟ್ಟಿ. ಆ ವರ್ಷ ಬ್ಯಾಂಡಿನ ಪರಿಸ್ಥಿತಿಯೇ ಹಾಗಿತ್ತು. ನೀರಿಗಿಳಿಯದೆ ಈಜು ಬಾರದು, ಸೋಮವಾರ ಹೋಗಿ ಹೂಂ ಅನ್ನು. ಆರಿಸುವುದು ಕಷ್ಟವಾದರೆ ಸ್ಕೋರು ಇಲ್ಲಿಗೆ ಕಳಿಸು, ನಾನು ನೋಡಿಕೊಡುತ್ತೇನೆ.

ಕೋಲು ಹಿಡಿದ ಕೈ ನಡುಗದಿರಲಿ. ಎದುರಿಗೆ ಕೂತ ಇಪ್ಪತ್ತಾರು ಮಕ್ಕಳಿಗೂ ನಿನ್ನ ಮುಖ ನೋಡಿ ಧೈರ್ಯ ಬರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಹೊಟ್ಟೆ ತಣ್ಣಗಿರಲಿ.

ಸದಾ ನಿನ್ನ ಒಳಿತನ್ನೇ ಬಯಸುವ
ಅಮ್ಮ

ಮತ್ತೊಂದು ಮಾತು. ಸಂಜೆ ಆರು ಗಂಟೆ.

ಲಕೋಟೆ ಅಂಟಿಸುವ ಮೊದಲು ಅಪ್ಪ ಕಾಗದವನ್ನು ಕೇಳಿ ತೆಗೆದುಕೊಂಡು ನಿಧಾನವಾಗಿ ಓದಿದರು. ಮಡಚಿ ಮೇಜಿನ ಮೇಲಿಟ್ಟರು.

"ಚೆನ್ನಾಗಿ ಬರ್ದಿದೀಯ. ಅವಳು ಕೇಳಿದ್ದೊಂದಕ್ಕೆ ಮಾತ್ರ ಉತ್ತರ ಇಲ್ಲ."

"ಬರ್ದಿದೀನಲ್ರೀ, ಪರಿಸ್ಥಿತಿ ಹಾಗಿತ್ತು ಅಂತ."

"ಪರಿಸ್ಥಿತಿ ಅಂದ್ರೆ ನಾನು ತಾನೆ?" ಅಂದರು. "ಹಾಗಂತ ಬರಿ. ನೀನು ಬರೀದಿದ್ರೆ ನಾನು ಬರೀತೀನಿ."

ಬರೆಯುತ್ತೇನೆ. ಆ ವರ್ಷ ಅಪ್ಪ ಮುಂದಿನ ಹಲ್ಲೊಂದನ್ನು ಕಟ್ಟಿಸಿಕೊಂಡಿದ್ದರು. ಆಮೇಲಿನಿಂದ ಎತ್ತರದ ಸ್ವರಗಳು ಒಡೆಯತೊಡಗಿದವು. ಊದುವ ಅವರಿಗೆ ಅದು ಅಷ್ಟಾಗಿ ತಿಳಿಯುತ್ತಿರಲಿಲ್ಲ, ಎದುರಿಗೆ ನಿಂತ ನನಗೆ ತಿಳಿಯುತ್ತಿತ್ತು. ಆ ಕೃತಿಯಲ್ಲಿ ಮೊದಲ ಟ್ರಂಪೆಟ್ಟು ಒಂಟಿಯಾಗಿ ಊದುವ ಉದ್ದನೆಯ ಭಾಗವಿದೆ. ಅದನ್ನು ಆರಿಸಿದ್ದರೆ ಅಪ್ಪನನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ನಿನ್ನನ್ನು ಕೂರಿಸಬೇಕಾಗುತ್ತಿತ್ತು, ಊರೆಲ್ಲ ನೋಡುವ ಹಾಗೆ. ನನಗೆ ಧೈರ್ಯ ಬರಲಿಲ್ಲ. ನೀನಿನ್ನೂ ಮಾಗಿಲ್ಲ ಅಂದೆ, ಕೃತಿಯನ್ನು ಹಿಂದಕ್ಕೆ ಕಳಿಸಿದೆ. ಮುಂದೆ ಪ್ರತಿ ವರ್ಷವೂ ಅಪ್ಪನ ತುಟಿಗೆ ನಿಲುಕುವುದನ್ನೇ ತರಿಸಿದೆ. ನೀನು ಎರಡು ವರ್ಷ ಕಾದೆ. ಆಮೇಲೆ ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಗಣಿತ ಓದಲು ಹೋದೆ.

ಹೋದ ತಿಂಗಳು ಬ್ಯಾಂಡಿನ ಕೋಣೆಗೆ ಬಣ್ಣ ಬಳಿಸುವಾಗ ಬೀರು ಖಾಲಿ ಮಾಡಿದವರು ಅಪ್ಪ. ಪ್ರತಿ ಸ್ಕೋರಿನ ರಟ್ಟಿನ ಮೇಲೂ ನಾನು ಮೊದಲ ಟ್ರಂಪೆಟ್ಟಿನ ಅತಿ ಎತ್ತರದ ಸ್ವರ ಯಾವುದೆಂದು ಪೆನ್ಸಿಲಿನಲ್ಲಿ ಬರೆದಿಟ್ಟಿರುತ್ತೇನೆ. ಅವನ್ನೆಲ್ಲ ವರ್ಷದ ಪ್ರಕಾರ ಜೋಡಿಸುತ್ತಾ ಹೋದವರಿಗೆ ಆ ಸ್ವರ ಒಂದೊಂದೇ ಮೆಟ್ಟಿಲು ಇಳಿದದ್ದು ಕಣ್ಣಿಗೆ ಬಿತ್ತು. ಕೂಗಾಡಲಿಲ್ಲ. "ಹನ್ನೊಂದು ವರ್ಷ ನನ್ನನ್ನ ಒಂದು ಮಾತು ಕೇಳಲಿಲ್ವಲ್ಲೇ. ಕೇಳಿದ್ರೆ ಅವತ್ತೇ ಎದ್ದು ಹಿಂದೆ ಹೋಗ್ತಿದ್ದೆ. ಮಗಳು ಊದೋದನ್ನ ಅಲ್ಲಿ ಕೂತು ಕೇಳ್ತಿದ್ದೆ" ಅಂದರು. ಎಲ್ಲರ ಅಳತೆಯೂ ನನಗೆ ಗೊತ್ತು ಅಂತ ಮೇಲೆ ಇಷ್ಟುದ್ದ ಬರೆದಿದ್ದೇನೆ. ಮನೆಯೊಳಗಿನ ಇಬ್ಬರ ಅಳತೆಯನ್ನೇ ತಪ್ಪಿದೆ. ಕ್ಷಮಿಸು ಅಂತ ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆದಿದ್ದೇನೆ.

ಇನ್ನೊಂದಿದೆ, ಇದು ಅಪ್ಪನಿಗೂ ಗೊತ್ತಿಲ್ಲ. ಆ ವರ್ಷ, ಕೃತಿಯನ್ನು ಹಿಂದಕ್ಕೆ ಕಳಿಸುವ ಮೊದಲಿನ ಭಾನುವಾರ ನೀನು ನಿನ್ನ ಕೋಣೆಯ ಬಾಗಿಲು ಹಾಕಿಕೊಂಡು ಆ ಒಂಟಿ ಭಾಗವನ್ನು ಊದಿದೆ. ನಾನು ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲಿ ನಿಂತು ಕೇಳಿದೆ. ನೀನು ಮೂರು ಸಲ ಊದಿದೆ. ಆ ಎತ್ತರದ ಸ್ವರ ಮೂರು ಸಲವೂ ಒಂದಿಷ್ಟೂ ಅಲುಗದೆ ಬಂತು. ನಿನ್ನ ಕೈಲಿ ಆಗುತ್ತಿತ್ತು ಪುಟ್ಟಿ. ಆಗುತ್ತದೆ ಎಂದು ಕಿವಿಯಾರೆ ಕೇಳಿಸಿಕೊಂಡ ಮೇಲೇ, ಮಾರನೆಯ ದಿನ ನಿನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಆಗುವುದಿಲ್ಲ ಅಂದೆ.