ಮೇಲಿನ ಮನೆಯ ಕೀಲಿ

ಕಾನ್‌ಸ್ಟಂಟೀನ್, ಅಲ್ಜೀರಿಯಾ

ಲಖ್ದರನಿಗೆ,

ಸರ್ಕಾರಿ ಮನೆಗಳನ್ನು ಹಂಚುವ ಆ ಕಚೇರಿಯಲ್ಲಿ ಎಲ್ಲರೂ ಬೆನ್ನು ಬಗ್ಗಿಸಿ, ಹೆಸರಿನ ಮುಂದೆ ಗೌರವದ ‘ಸಿ’ ಹಚ್ಚಿ, ನಿನ್ನನ್ನು ‘ಸಿ ಲಖ್ದರ್’ ಎನ್ನುತ್ತಾರೆ. ನನಗೆ ಅಷ್ಟು ಬಗ್ಗಲು ಬರುವುದಿಲ್ಲ. ಸುವೀಕಾ ಕೇರಿಯ ಹಳೆಯ ಮನೆಯಲ್ಲಿ ಒಂದೇ ಅಂಗಳದ ಸುತ್ತ ಬೆಳೆದವರು ನಾವು. ನಿನ್ನ ತಾಯಿ ಹಾಸಿಗೆ ಹಿಡಿದ ವರ್ಷ ನನ್ನಮ್ಮನ ಕುಸ್ಕುಸ್ ತಿಂದು ದೊಡ್ಡವನಾದವನು ನೀನು. ಹಂಗಿಸಲು ಹೇಳುತ್ತಿಲ್ಲ. ಆ ಊಟ ಎಂಥವನ ಹೊಟ್ಟೆಗೆ ಹೋಯಿತಲ್ಲ ಎಂದು ಅಮ್ಮನ ಪರವಾಗಿ ಮರುಗುತ್ತಿದ್ದೇನೆ, ಅಷ್ಟೆ.

ಹಂಚಿಕೆಗೆ ಮುಂಚೆ ನೀನು ನಮ್ಮ ಕೋಣೆ ನೋಡಲು ಬಂದೆ. ಗೋಡೆಯ ತೇವದ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿದೆ. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲದ ನನ್ನ ರಿಹೆಮ್ ಗಾಲಿಕುರ್ಚಿಯಿಂದ ಕೈಚಾಚಿ ಸಲಾಂ ಹೇಳಿದಳು. ನೀನು ಆ ಕೈ ಹಿಡಿಯದೆ, ಬೆಕ್ಕಿನ ತಲೆ ಸವರುವ ಹಾಗೆ ಅವಳ ತಲೆ ಸವರಿದೆ. ‘ನೆಲಮಹಡಿಯ ಮನೆ ಇವಳಿಗಲ್ಲದೆ ಇನ್ಯಾರಿಗೆ ತಂಗೀ?’ ಎಂದೆ. ನಾನು ನಂಬಿ ನಿನಗೆ ಕಾಫಿಯನ್ನೂ ಮಾಡಿಕೊಟ್ಟೆ.

ನಮಗೆ ಸಿಕ್ಕಿದ್ದು ಐದನೇ ಮಹಡಿ. ಲಿಫ್ಟ್ ಇರಬೇಕಾದ ಜಾಗಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ನಿನ್ನ ಮೇಜಿನ ಮುಂದೆ ಬಂದು ನಿಂತಾಗ ನೀನು ಕನ್ನಡಕ ಒರೆಸುತ್ತಿದ್ದೆ. ‘ಮೇಲೆ ಗಾಳಿ ಬೆಳಕು ಚೆನ್ನಾಗಿರುತ್ತೆ ಘನಿಯಾ. ಮಗು ಹಗುರ ಇದಾಳೆ, ಎತ್ಕೊಂಡು ಹತ್ತಿದ್ರಾಯ್ತು.’

‘ಅವಳು ಬೆಳೀತಾಳಲ್ಲ ಲಖ್ದರ್’ ಎಂದೆ ನಾನು.

‘ಅಂಥ ಮಕ್ಕಳು ಎಷ್ಟು ಬೆಳೀತಾವೆ, ಬಿಡು’ ಎಂದು ನೀನು ಮತ್ತೆ ಕನ್ನಡಕ ಒರೆಸತೊಡಗಿದೆ. ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಕೋಪಿಸಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕು.

ಅವಳು ಬೆಳೆದಳು. ಅವಳ ಅಪ್ಪ ಅಝೆದ್ದೀನ್ ದಿನವೆಲ್ಲ ಗಾರೆ ಕೆಲಸ ಮಾಡಿ ಬಂದು ಅವಳನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದ. ಒಮ್ಮೆ ಮೆಟ್ಟಿಲಲ್ಲಿ ಜಾರಿದವನು, ಅವಳಿಗೆ ಪೆಟ್ಟಾಗದ ಹಾಗೆ ತಾನು ಅಡಿಯಾಗಿ ಬಿದ್ದ. ಅವನ ಸೊಂಟ ಮತ್ತೆ ಸರಿಹೋಗಲಿಲ್ಲ. ಅವಳೂ ಮತ್ತೆ ‘ಕೆಳಗೆ ಹೋಗೋಣ’ ಎನ್ನಲಿಲ್ಲ. ಬಾಲ್ಕನಿಯಲ್ಲಿ ಕೂತು ಬೀದಿಯವರನ್ನೆಲ್ಲ ನೆತ್ತಿ ನೋಡಿ ಗುರುತಿಸುವುದನ್ನು ಕಲಿತಳು. ಯಾರ ಮುಖವೂ ಅವಳಿಗೆ ಗೊತ್ತಿರಲಿಲ್ಲ.

ಇತ್ತ ನೆಲಮಹಡಿಯ ಮನೆಗೆ ಬೀಗ. ಅದು ನಿನ್ನ ಹೆಂಡತಿಯ ತಮ್ಮನದು. ಅವನು ಅಲ್ಲಿ ಒಂದು ದಿನವೂ ಮಲಗಿದವನಲ್ಲ, ಮಾರುವ ಜಮಖಾನೆಗಳನ್ನು ಮಲಗಿಸಿದ್ದ. ನಾನು ಯಾರ ಯಾರಿಗೆ ದೂರು ಕೊಟ್ಟರೂ ಅದು ಸುತ್ತಿ ಸುತ್ತಿ ನಿನ್ನ ಮೇಜಿಗೇ ಬರುತ್ತಿತ್ತು.

ಬೀಗ ಒಡೆದವಳು ಎದುರುಮನೆಯ ಜ್ವೀನಾ ಚಿಕ್ಕಮ್ಮ ಎಂದು ನಿನಗೆ ಯಾರೋ ಹೇಳಿದ್ದಾರಂತೆ. ಅಲ್ಲ, ಸುತ್ತಿಗೆ ಅಝೆದ್ದೀನನದು, ಕೈ ನನ್ನದು. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಕೂಗಿದ್ದಷ್ಟೇ: ‘ಜೋರಾಗಿ ಹೊಡಿಯೇ ಹುಡುಗಿ, ಲಖ್ದರನ ತಲೆ ಅಂದ್ಕೊಂಡು ಹೊಡಿ!’ ನಗು ಬಂದು ನನ್ನ ಏಟು ತಪ್ಪಿತು. ಆಮೇಲೆ ಹೆಂಗಸರೆಲ್ಲ ಸೇರಿ ರಿಹೆಮ್‌ಳನ್ನು ಕುರ್ಚಿಸಮೇತ ಕೆಳಗಿಳಿಸಿದೆವು, ಜಮಖಾನೆಗಳನ್ನು ಐದನೇ ಮಹಡಿಗೆ ಹತ್ತಿಸಿದೆವು. ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಆ ಮನೆಯ ಕೀಲಿ ಈ ಪತ್ರದ ಜೊತೆಗಿದೆ, ಭಾವಮೈದುನನಿಗೆ ಕೊಡು.

ನೀನು ಪೊಲೀಸರನ್ನು ಕರೆತಂದೆ. ಹಿರಿಯ ಪೇದೆ ರಿಹೆಮ್‌ಳನ್ನು ನೋಡಿದ, ಮೆಟ್ಟಿಲು ನೋಡಿದ. ‘ಇವಳನ್ನ ಮೇಲಕ್ಕೆ ಯಾರು ಹೊರ್ತಾರೆ? ನೀವಾ ಸಾಹೇಬ್ರೇ?’ ಎಂದು ಕೇಳಿದ. ನೀನು ನಿನ್ನ ಬೂಟು ನೋಡಿಕೊಂಡೆ. ಅವರು ಹೊರಟುಹೋದರು.

ಈಗ ಹೇಳಿಕಳಿಸಿದ್ದೀಯ: ‘ಪೇಪರ್‌ನವರು ಬರ್ತಾರೆ. ಸಿ ಲಖ್ದರ್ ದೊಡ್ಡ ಮನಸ್ಸು ಮಾಡಿ ಈ ಮನೆ ಕೊಟ್ರು ಅಂತ ಹೇಳಿಬಿಡು, ಮನೆ ನಿನ್ನ ಹೆಸರಿಗಾಗುತ್ತೆ. ಇಲ್ಲಾಂದ್ರೆ ಕೋರ್ಟು.’

ಅಝೆದ್ದೀನ್ ‘ಒಂದು ಮಾತು ತಾನೇ, ಹೇಳಿಬಿಡೋಣ’ ಎಂದ. ಸೊಂಟ ಕಳೆದುಕೊಂಡವನು, ಹಾಗೆನ್ನುವ ಹಕ್ಕು ಅವನಿಗಿದೆ. ನನ್ನ ಮನಸ್ಸೂ ಅಲುಗಾಡಿತು, ಸುಳ್ಳೇಕೆ ಹೇಳಲಿ. ಕೊನೆಗೆ ರಿಹೆಮ್‌ಳನ್ನೇ ಕೇಳಿದೆ. ‘ಫೋಟೋದಲ್ಲಿ ಆ ಮಾಮ ನನ್ನ ಪಕ್ಕ ನಿಲ್ತಾನಾ? ಹಾಗಾದ್ರೆ ಬೇಡಮ್ಮಾ’ ಎಂದಳು.

ಆದ್ದರಿಂದ ಕೋರ್ಟಿಗೇ ಹೋಗು. ಮನೆ ಕೈಬಿಟ್ಟುಹೋದರೂ ಹೋದೀತು. ನಿನ್ನನ್ನು ಹೊಗಳಿ ಉಳಿಸಿಕೊಂಡ ಸೂರಿನ ಕೆಳಗೆ ನನಗಂತೂ ನಿದ್ದೆ ಬರಲಾರದು.

ಇವತ್ತು ಬೆಳಿಗ್ಗೆ ರಿಹೆಮ್ ಮೊದಲ ಸಲ ಒಬ್ಬಳೇ ಬ್ರೆಡ್ ತರಲು ಹೋದಳು. ನಾನು ಕಿಟಕಿಯಲ್ಲಿ ಉಗುರು ಕಚ್ಚುತ್ತ ನಿಂತೆ. ಎಷ್ಟೋ ಹೊತ್ತಿನ ಮೇಲೆ, ಯಾವಳೋ ಹುಡುಗಿಯೊಡನೆ ಜಗಳವಾಡಿ, ಮೈಯೆಲ್ಲ ಧೂಳು ಮಾಡಿಕೊಂಡು ಬಂದಳು. ಎಲ್ಲಿ ಅಲೀತಿದ್ದೆ ಎಂದು ಗದರಿದೆ. ಮಗಳನ್ನು ಹಾಗೆ ಗದರುವುದರಲ್ಲಿ ಎಂಥ ಸುಖವಿದೆಯೆಂದು ನಿನಗೆ ತಿಳಿಯದು.

ದೇವರು ನಿನಗೆ ದೀರ್ಘಾಯುಷ್ಯ ಕೊಡಲಿ ಲಖ್ದರ್. ಕೂದಲು ಬೆಳ್ಳಗಾಗುವಷ್ಟು, ಮಂಡಿ ಮಡಿಸಲಾಗದಷ್ಟು ಬದುಕು. ಆಗ ನಿನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಲು, ನಿನ್ನಂಥವನೇ ಒಬ್ಬ ಮಗ ನಿನಗಿರಲಿ.

ನೆಲಮಹಡಿಯಿಂದ,
ಘನಿಯಾ