ಕೇಳುವವರ ಸಾಲಿಗೆ

ಶಲವಡಿ
ಶ್ರಾವಣ, ಮಂಗಳವಾರ

ಮಠದ ಅಜ್ಜಾರ ಪಾದಗಳಿಗೆ ಸಾವಂತ್ರೆವ್ವನ ಶರಣು.

ಇವತ್ತಿನಿಂದ ಪುರಾಣ ಓದಲು ನನ್ನ ಬದಲು ಸುಮಂಗಲಾಳನ್ನು ಕೂಡಿಸಿರಿ. ಅವಳ ಧ್ವನಿ ಚೆನ್ನಾಗಿದೆ.

ಯುಗಾದಿಯ ಮುಂದೆ ಮಗನ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ನನಗೆ ಬೇಗ ದಣಿವಾಗುತ್ತದೆ, ಗಮನ ನಿಲ್ಲುವುದಿಲ್ಲ. ಅದಕ್ಕೆ ಹುಬ್ಬಳ್ಳಿಯ ಡಾಕ್ಟರರು ಕೊಟ್ಟ ಗುಳಿಗೆಯನ್ನು ಮುಂಜಾನೆ ನಾಷ್ಟಾ ಮಾಡಿಯೇ ನುಂಗಬೇಕು. ಪುರಾಣ ಓದುವವರು ರಾತ್ರಿ ಮಂಗಳಾರತಿಯವರೆಗೆ ಏನೂ ತಿನ್ನಬಾರದೆಂಬುದು ನಮ್ಮೂರ ಪದ್ಧತಿ. ಹೀಗಾಗಿ ಈ ಶ್ರಾವಣ ಗುಳಿಗೆ ಬಿಟ್ಟು ಉಪವಾಸ ಹಿಡಿದೆ.

ನಿನ್ನೆ ಪಾರ್ವತಿಯ ಮದುವೆಯನ್ನು ಎರಡು ಸಲ ಓದಿದೆನಂತೆ. ನಮ್ಮ ಓಣಿಯ ಸಣ್ಣವ್ವ ಮನೆಗೆ ಬಂದು, “ಏನಬೇ, ಒಬ್ಬಾಕಿಗೆ ಎರಡ ಸಲ ತಾಳಿ ಕಟ್ಟಿಸಿದೆಲ್ಲ!” ಎಂದು ನಕ್ಕಾಗಲೇ ನನಗೆ ತಿಳಿದದ್ದು.

“ಉಂಡು ಓದವಾ, ಶಿವ ಸಿಟ್ಟಾಗಂಗಿಲ್ಲ” ಎಂದು ತಾವು ಹೇಳಿ ಕಳಿಸಿದಿರಿ. ಶಿವ ಸಿಟ್ಟಾಗಲಿಕ್ಕಿಲ್ಲ. ಆದರೆ ಇಷ್ಟು ಶ್ರಾವಣ ಹಸಿದು ಓದಿದವಳಿಗೆ ಈಗ ಉಂಡು ಓದಲು ಮನಸ್ಸು ಬಾರದು.

ಸುಮಂಗಲಾ ಪಾರ್ವತಿಯ ಮದುವೆಯಿಂದಲೇ ಮತ್ತೊಮ್ಮೆ ಓದಲಿ. ನಾನು ಉಂಡು, ಗುಳಿಗೆ ನುಂಗಿ, ಹೆಣ್ಣುಮಕ್ಕಳ ಸಾಲಿನಲ್ಲಿ ಬಂದು ಕೂಡುತ್ತೇನೆ. ನಿನ್ನೆ ಅದನ್ನು ಊರೆಲ್ಲ ಎರಡು ಸಲ ಕೇಳಿತು, ನಾನೊಬ್ಬಳೇ ಕೇಳಲಿಲ್ಲ.

ತಮ್ಮ ಮಗಳು,
ಸಾವಂತ್ರೆವ್ವ