ನಿನ್ನಂಗಡಿ ಹೆಸರು ನನ್ನ ಹತ್ತಿರ ಇದೆ

ಮನೆಯಿಂದ, ಅಡುಗೆಮನೆಯ ಮೇಜು
ಮಾರ್ಚ್ ೧೧, ಬುಧವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಸೊಂಟನೋವು ಕಮ್ಮಿ ಆಯ್ತಾ? ಆ ಬೂಟು ಫ್ಯಾಕ್ಟರಿಯಲ್ಲಿ ಇಡೀ ದಿನ ನಿಂತೇ ಇರಬೇಕು ಅಂತ ಜನವರಿಯಲ್ಲಿ ಬರೆದಿದ್ದೆಯಲ್ಲ, ಈಗಲಾದರೂ ಒಂದು ಸ್ಟೂಲು ಕೊಟ್ಟರಾ? ಕೊಡದಿದ್ದರೆ ಬಾಯಿ ಬಿಟ್ಟು ಕೇಳು. ನೀನು ಕೇಳೋನಲ್ಲ, ನಂಗೆ ಗೊತ್ತು. ಚಿಕ್ಕವನಿದ್ದಾಗ ಅಪ್ಪನ ಪಕ್ಕ ಕೂತು ಬಾಯಿ ತುಂಬ ಮೊಳೆ ಇಟ್ಟುಕೊಂಡು ಒಂದೊಂದೇ ತೆಗೆದು ಹೊಡೀತಿದ್ದೆ, ಅದಕ್ಕೇ ನಿಂಗೆ ‘ಮೊಳೆ’ ಅಂತ ಹೆಸರಿಟ್ಟಿದ್ದು ನಾನು. ಐವತ್ತೊಂದು ವರ್ಷ ಆದರೂ ಆ ಮೊಳೆಗಳನ್ನ ನೀನು ಉಗುಳಿಲ್ಲ ಕಣೋ. ಇಲ್ಲಿ ನಾವು ಚೆನ್ನಾಗಿದ್ದೀವಿ. ನಿನ್ನ ಭಾವ ಬಸ್ ಓಡಿಸೋದು ಬಿಟ್ಟು ನಾಲ್ಕು ವರ್ಷವಾಯ್ತು, ಆದರೂ ಕುರ್ಚಿಯಲ್ಲಿ ಕೂತಿದ್ದಾಗ ಯಾರಾದರೂ ಕೆಮ್ಮಿದರೆ ಬಲಗಾಲಲ್ಲಿ ಬ್ರೇಕ್ ಒತ್ತುತ್ತಾರೆ. ನನಗೆ ಕನ್ನಡಕದ ನಂಬರ್ ಏರಿದೆ, ಇನ್ನೇನಿಲ್ಲ.

ಈಗ ನನ್ನ ವ್ಯಾಪಾರದ ವಿಷಯ. ನಗಬೇಡ, ಪೂರ್ತಿ ಓದು. ಶಾಲೆಯ ಆಫೀಸಿನಿಂದ ರಿಟೈರ್ ಆದಮೇಲೆ ಹೊತ್ತು ಹೋಗ್ತಿರಲಿಲ್ಲ. ಮೇಲಿನ ಮನೆಯಲ್ಲಿ ಬಾಡಿಗೆಗಿರೋ ನರ್ಸಮ್ಮ ಬಿಡುವಿನಲ್ಲಿ ವೆಬ್‌ಸೈಟಿನ ಹೆಸರುಗಳನ್ನ ಕೊಂಡು ಮಾರೋದು ಮಾಡ್ತಾಳೆ, ಅವಳೇ ನನಗೂ ಕಲಿಸಿದಳು. ಖಾಲಿ ಸೈಟು ಕೊಂಡಿಟ್ಟು ಮುಂದೆ ಮನೆ ಕಟ್ಟೋರಿಗೆ ಮಾರ್ತಾರಲ್ಲ, ಹಾಗೇ. ಒಂದು ಹೆಸರಿಗೆ ವರ್ಷಕ್ಕೆ ಇಷ್ಟು ಅಂತ ಶುಲ್ಕ ಕಟ್ಟಿದರೆ ಆ ಹೆಸರು ನಿಂದು. ಕಟ್ಟೋದು ಮರೆತರೆ ಕೆಲವು ವಾರ ಕಾದು ಮತ್ತೆ ಸಂತೆಗೆ ಬಿಡ್ತಾರೆ, ಯಾರು ಮೊದಲು ಕೈ ಹಾಕ್ತಾರೋ ಅವರದ್ದು. ಶುರುವಿನಲ್ಲಿ ಚೆನ್ನಾಗಿ ಕೈ ಸುಟ್ಟುಕೊಂಡೆ. ಛತ್ರಿಗೆ ಸಂಬಂಧಪಟ್ಟ ಹನ್ನೊಂದು ಹೆಸರು ಕೊಂಡೆ, ಜಗತ್ತಿನಲ್ಲಿ ಯಾರಿಗೂ ಛತ್ರಿ ಬೇಡವಂತೆ! ಆಮೇಲೆ ನಿನ್ನ ಭಾವನನ್ನ ಕೆಲಸಕ್ಕಿಟ್ಟುಕೊಂಡೆ. ಹೆಸರನ್ನ ರಟ್ಟಿನ ಮೇಲೆ ದಪ್ಪಗೆ ಬರೆದು ಬಾಗಿಲಲ್ಲಿ ನಿಂತು ಒಮ್ಮೆ ತೋರಿಸಿ ಮುಚ್ಚಿಬಿಡ್ತೀನಿ. ಮೂವತ್ತು ವರ್ಷ ಓಡೋ ಬಸ್ಸಿನಿಂದ ಬೋರ್ಡು ಓದಿದ ಕಣ್ಣು ಅದು. ಒಂದೇ ನೋಟಕ್ಕೆ ಓದಿದರೆ ಕೊಳ್ಳೋದು, ತಡವರಿಸಿದರೆ ಬಿಡೋದು. ಹೀಗೆ ಕೊಂಡಿದ್ದರಲ್ಲಿ ಆರು ಮಾರಿದೀನಿ. ನಾಯಿಗೆ ಸ್ನಾನ ಮಾಡಿಸೋ ಒಬ್ಬ ಕೊಂಡ ಹೆಸರಿನ ದುಡ್ಡಿನಲ್ಲೇ ಈ ಮೇಜಿಗೆ ಹೊಸ ಹಲಗೆ ಬಂತು.

ಮುಂದಿನದ್ದನ್ನ ಹೇಗೆ ಬರೀಬೇಕು ಅಂತ ಮೂರು ದಿನದಿಂದ ಯೋಚನೆ ಮಾಡ್ತಿದ್ದೆ. ನವೆಂಬರಿನಲ್ಲಿ ಒಂದು ದಿನ ಶುಲ್ಕ ಕಟ್ಟದೆ ಬಿಟ್ಟುಹೋದ ಹೆಸರುಗಳ ಪಟ್ಟಿ ನೋಡ್ತಾ ಕೂತಿದ್ದೆ. ಅದರಲ್ಲಿ ‘ಜೋಡಿಹೆಜ್ಜೆ’ ಅಂತ ಇತ್ತು. ನಿನ್ನಂಗಡಿ ಹೆಸರು ಕಣೋ. ಅಂಗಡಿ ಮುಚ್ಚಿದೆ, ಸರಿ. ಗಿರಾಕಿಗಳ ಕಾಲಿನ ಅಳತೆಗೆ ಮಾಡಿದ ಮರದ ಅಚ್ಚುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ನಮ್ಮ ಮೆಟ್ಟಿಲ ಕೆಳಗೆ ತಂದು ಸುರಿದು ಹೋದೆ, ಅದೂ ಸರಿ. ಹೆಸರನ್ನೂ ಹೀಗೆ ಬೀದಿಗೆ ಬಿಡೋದಾ? ತಕ್ಷಣ ಕೊಂಡೆ. ಪ್ರೀತಿಯಿಂದ ಕೊಂಡೆ ಅಂತ ಬರೆದರೆ ನಿಂಗೆ ಸಂತೋಷ ಆಗ್ತಿತ್ತೇನೋ, ಆದರೆ ಸುಳ್ಳು ಯಾಕೆ ಹೇಳಲಿ. ಒಳ್ಳೆ ಹೆಸರು, ಯಾವುದಾದರೂ ಶೂ ಕಂಪನಿ ಬಂದೇ ಬರುತ್ತೆ ಅಂತ ಲೆಕ್ಕ ಹಾಕಿಯೇ ಕೊಂಡೆ. ನಿನ್ನ ಭಾವನಿಗೆ ರಟ್ಟು ತೋರಿಸಿದೆ. ಒಂದೇ ನೋಟಕ್ಕೆ ಓದಿದರು. ಓದಿ ನನ್ನ ಮುಖ ನೋಡಿದರು. ನಾನು ಕಿಟಕಿ ಕಡೆ ನೋಡಿದೆ.

ಕೊಳ್ಳೋರು ಯಾರಾದರೂ ಬರೆದರೆ ಗೊತ್ತಾಗಲಿ ಅಂತ, ಆ ಹೆಸರಿಗೆ ಬರೋ ಇಮೇಲೆಲ್ಲ ನನಗೇ ಬಂದು ಬೀಳೋ ಹಾಗೆ ನರ್ಸಮ್ಮ ಮಾಡಿಕೊಟ್ಟಳು. ಅದೇ ಎಡವಟ್ಟಾಯ್ತು ನೋಡು. ಕೊಳ್ಳೋರ ಕಾಗದ ಬರೋದಕ್ಕೆ ಮೊದಲು ನಿನ್ನ ಗಿರಾಕಿಗಳ ಕಾಗದ ಬರೋಕೆ ಶುರುವಾಯ್ತು. ಇವತ್ತಿಗೆ ಮೂವತ್ತೇಳು. ಒಂದು ಕಾಲು ಗಿಡ್ಡ ಇರೋ ರಿಟೈರ್ಡ್ ಅಂಚೆಯವರು ಇದ್ದಾರಲ್ಲ, ಅವರು ಬೇರೆ ಅಂಗಡಿಯ ರೆಡಿಮೇಡ್ ಬೂಟಿಗೆ ರಟ್ಟು ತುಂಬಿಕೊಂಡು ಓಡಾಡ್ತಿದ್ದಾರಂತೆ. ‘ಮಹಾಶಯರೆ, ನಿಮಗೆ ಬುದ್ಧಿ ಬರುವುದು ಯಾವಾಗ?’ ಅಂತ ಕೊನೆಗೊಂದು ಸಾಲು ಸೇರಿಸಿದ್ದಾರೆ, ಕೆಳಗೆ ಸಹಿ. ಇನ್ನೊಬ್ಬರು ಮಗಳ ಪಾದವನ್ನ ಕಾಗದದ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಫೋಟೋ ಕಳಿಸಿದ್ದಾರೆ. ಕಾಲು ಬೆಳೆದಿದೆ, ಬೇರೆ ಕಡೆ ಮಾಡಿಸಿದ್ದು ಹಾಕ್ಕೊಳ್ಳಲ್ಲ ಅಂತ ಅವಳದ್ದು ಹಟ, ಯಾಕಂದ್ರೆ ಅದರ ಒಳಗೆ ನೀನು ಹಾಕೋ ಕೆಂಪು ದಾರದ ಹೊಲಿಗೆ ಇಲ್ಲ. ನೀನು ಹಾಗೆ ಕೆಂಪು ದಾರ ಹಾಕ್ತಿದ್ದೆ ಅನ್ನೋದು ಒಡಹುಟ್ಟಿದ ನನಗೇ ಗೊತ್ತಿರಲಿಲ್ಲ!

ಮೊದಮೊದಲು ಆಫೀಸಿನ ಧಾಟಿಯಲ್ಲಿ ‘ಅಂಗಡಿಯನ್ನು ಮುಚ್ಚಲಾಗಿದೆ’ ಅಂತ ಉತ್ತರ ಬರೆದೆ. ನಾಲ್ಕನೆಯದಕ್ಕೆ ಕೈ ಬರಲಿಲ್ಲ. ಆಮೇಲಿನವರಿಗೆಲ್ಲ ‘ಸ್ವಲ್ಪ ದಿನ ತಾಳಿಕೊಳ್ಳಿ’ ಅಂತ ಬರೆದಿದ್ದೀನಿ. ನಿನ್ನ ಪರವಾಗಿ ಸುಳ್ಳು ಹೇಳಿದೀನಿ, ಹೊಟ್ಟೆಗೆ ಹಾಕ್ಕೋ.

ಫೆಬ್ರವರಿಯಲ್ಲಿ, ನಾನು ಕಾಯ್ತಿದ್ದ ಕಂಪನಿಯೂ ಬಂತು. ದೊಡ್ಡ ಕಂಪನಿಯಂತೆ, ಮಧ್ಯೆ ಒಬ್ಬ ದಲ್ಲಾಳಿ. ಕಂಪನಿ ಯಾವುದು ಅಂತ ಹೇಳಲ್ಲ, ಮಾತು ಮಾತ್ರ ಬೆಣ್ಣೆ. ಅವನು ಎರಡನೇ ಸಲ ಏರಿಸಿ ಹೇಳಿದ ದುಡ್ಡು ನಿನ್ನ ಭಾವ ಎರಡು ವರ್ಷ ಬಸ್ ಓಡಿಸಿದರೂ ಸಿಗ್ತಿರಲಿಲ್ಲ. ನನ್ನ ಬಾಯಲ್ಲಿ ನೀರೂರಿದ್ದು ನಿಜ. ‘ಆಗಲಿ’ ಅಂತ ಬರೆದು ಕಳಿಸೋ ಗುಂಡಿ ಒತ್ತಬೇಕು, ಅಷ್ಟರಲ್ಲಿ ಇವರು ಹಿಂದೆ ಬಂದು ನಿಂತು, ‘ಪ್ಯಾಸೆಂಜರ್ ಇನ್ನೂ ಇಳಿದಿಲ್ಲ, ಆಗಲೇ ಬಸ್ ಮಾರ್ತೀಯಾ?’ ಅಂದರು. ಮದುವೆಯಾಗಿ ಮೂವತ್ತಮೂರು ವರ್ಷಕ್ಕೆ ಒಂದು ಒಳ್ಳೆ ಮಾತು ಆಡಿದರು, ಅದೂ ನನಗೆ ನಷ್ಟ ಆಗೋ ಹೊತ್ತಿಗೆ. ಬರೆದದ್ದನ್ನ ಅಳಿಸಿ ದಲ್ಲಾಳಿಗೆ ಈ ತಿಂಗಳು ಇಪ್ಪತ್ತೈದನೇ ತಾರೀಕಿನವರೆಗೆ ಸಮಯ ಕೇಳಿದೀನಿ. ಅದರಾಚೆ ಕಂಪನಿ ಬೇರೆ ಹೆಸರು ನೋಡಿಕೊಳ್ಳುತ್ತೆ, ಮತ್ತೆ ಬರಲ್ಲ ಅಂದಿದ್ದಾನೆ.

ಅದಕ್ಕೇ ಈ ಕಾಗದ. ಲಕೋಟೆಯಲ್ಲಿ ಹಳೇ ಬಸ್ ಟಿಕೆಟಿನ ಹಿಂದೆ ಅಂಕಿ, ಅಕ್ಷರ ಬೆರೆಸಿ ಒಂದು ಉದ್ದದ ಸಂಕೇತ ಬರೆದಿಟ್ಟಿದ್ದೀನಿ. ಯಾರ ಕೈಯಲ್ಲಿ ಅದಿದೆಯೋ ಅವರು ‘ಜೋಡಿಹೆಜ್ಜೆ’ಯನ್ನ ತಮ್ಮ ಹೆಸರಿಗೆ ಮಾಡಿಕೊಳ್ಳಬಹುದು. ಸಂಕೇತ ಈಗ ನಿನ್ನ ಕೈಯಲ್ಲಿದೆ. ಮಾರೋದಾದರೆ ಮಾರು, ದಲ್ಲಾಳಿಯ ವಿಳಾಸವೂ ಅಲ್ಲೇ ಇದೆ. ದುಡ್ಡೆಲ್ಲ ನಿಂದೇ, ನಾನು ಕಟ್ಟಿದ ಶುಲ್ಕವನ್ನೂ ಕೇಳಲ್ಲ. ಮಾರಲ್ಲ ಅಂದರೆ ಬಂದು ಅಂಗಡಿ ತೆಗಿ. ಆದರೆ ಇದೂ ಬೇಡ, ಅದೂ ಬೇಡ ಅಂತ ಬಾಯಿ ಮುಚ್ಚಿಕೊಂಡು ಕೂರಬೇಡ. ಹದಿನಾಲ್ಕು ತಿಂಗಳಿಂದ ಕೂತಿದ್ದೀಯ, ಸಾಕು.

ನೀನು ಯಾಕೆ ಹೋದೆ ಅಂತ ನನಗೆ ಗೊತ್ತಿಲ್ಲದೇನಲ್ಲ. ನಿನ್ನ ಹಳೇ ಗಿರಾಕಿ ಡ್ರಾಯಿಂಗ್ ಟೀಚರ್ ಮೆಟ್ಟಿಲ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ನೀನು ಆಸ್ಪತ್ರೆಗೆ ಓಡಿದೆ, ಮಂಚದ ಕೆಳಗೆ ನೀನು ಮಾಡಿಕೊಟ್ಟ ಶೂ ಇತ್ತು. ಅವರು ಔಷಧಿಯ ಮಂಪರಿನಲ್ಲಿದ್ದರು. ನೀನು ಶೂ ಎತ್ತಿಕೊಂಡು ಹೊರಗೆ ಬೆಂಚಿನ ಮೇಲೆ ಕೂತು ಅಟ್ಟೆ ಅಳೆದೆ. ಆ ಸಂಜೆ ನಮ್ಮನೆ ಬಾಗಿಲಲ್ಲಿ ನಿಂತು, ‘ಎರಡು ಮಿಲಿಮೀಟರ್ ಹೆಚ್ಚಾಗಿತ್ತು ಕಣಕ್ಕಾ’ ಅಂದೆ. ನಿನ್ನ ಅಟ್ಟೆಯೇ ಅವರನ್ನ ಬೀಳಿಸಿತು ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಆ ಮುಖ ನಾನು ಮರೆತಿಲ್ಲ. ಅವತ್ತು ‘ಒಳಗೆ ಬಾ, ಕೂತ್ಕೋ’ ಅಂತ ಗದರಿಸಿ ಕೂರಿಸಬೇಕಿತ್ತು. ಎಲ್ಲರನ್ನೂ ಗದರಿಸೋ ನಾನು ಅವತ್ತೇ ಸುಮ್ಮನಿದ್ದೆ. ಅದು ನನ್ನ ತಪ್ಪು, ಇಷ್ಟು ದಿನ ಒಪ್ಪಿಕೊಂಡಿರಲಿಲ್ಲ. ನೀನಿಲ್ಲದೆ ಬೇಜಾರಾಗುತ್ತೆ ಕಣೋ.

ಅಚ್ಚುಗಳು ಚೆನ್ನಾಗಿವೆ. ನಿನ್ನ ಭಾವ ಭಾನುವಾರಕ್ಕೊಮ್ಮೆ ಒಂದೊಂದನ್ನೇ ತೆಗೆದು ಬಟ್ಟೆಯಲ್ಲಿ ಒರೆಸಿ, ಜೋಡಿ ತಪ್ಪದ ಹಾಗೆ ಇಡ್ತಾರೆ. ನೀನು ಅಂಟಿಸಿದ್ದ ಚೀಟಿ ಒಂದೂ ಕಿತ್ತುಹೋಗಿಲ್ಲ. ಹೊತ್ತು ಹೊತ್ತಿಗೆ ಊಟ ಮಾಡು, ಸ್ಟೂಲು ಕೇಳು. ‘ಕೇಳಿದೆ ಅಂತ ಹೇಳು’ ಅಂತ ಭಾವ ಅಂದಿದ್ದಾರೆ. ನಿನ್ನ ಕೈಯ ಕೆಲಸ ನೂರು ಕಾಲ ನಡೆಯಲಿ, ನೀನು ನೆಮ್ಮದಿಯಾಗಿರು.

ನಿನ್ನ ಜಗಳಗಂಟಿ,
ಅಕ್ಕ

ಮತ್ತೆ: ಟಿಕೆಟ್ ಎತ್ತಿಕೊಂಡು ಏಳಬೇಡ, ಇನ್ನೊಂದಿದೆ. ಮೂವತ್ತೇಳರಲ್ಲಿ ಕೊನೆಯದ್ದು ಹೋದ ಶುಕ್ರವಾರ ಬಂತು, ಡ್ರಾಯಿಂಗ್ ಟೀಚರದ್ದು. ಎಂಟು ತಿಂಗಳು ಬೇರೆ ಊರಲ್ಲಿ ಮಗಳ ಮನೆಯಲ್ಲಿದ್ದು ವಾಪಸ್ ಬಂದರೆ ನಿನ್ನಂಗಡಿ ಮುಚ್ಚಿತ್ತಂತೆ. ಫೋನ್ ಮಾಡಿದರೆ ನಿನ್ನ ನಂಬರ್ ಇಲ್ಲ. ಎರಡು ಸಲ ಬರೆದರಂತೆ. ಆಗ ಹೆಸರು ಯಾರ ಕೈಯಲ್ಲೂ ಇರಲಿಲ್ಲ ನೋಡು, ಎರಡೂ ವಾಪಸ್ ಹೋಗಿವೆ. ಅವತ್ತು ಯಾರೋ ಬಾಗಿಲು ಬಡಿದರು ಅಂತ ಬಚ್ಚಲುಮನೆಯ ಚಪ್ಪಲಿಯಲ್ಲೇ ಓಡಿ ಮೆಟ್ಟಿಲಲ್ಲಿ ಜಾರಿದ್ದಂತೆ ಅವರು. ನೀನು ಮಾಡಿದ ಶೂ ಬೀರುವಿನಲ್ಲಿತ್ತು. ಮನೆಗೆ ಹೋಗುವಾಗ ಬೇಕಾಗುತ್ತೆ ಅಂತ ಪಕ್ಕದ ಮನೆಯವರು ಆಮೇಲೆ ಆಸ್ಪತ್ರೆಗೆ ತಂದಿಟ್ಟದ್ದು. ನೀನು ಕೇಳಲಿಲ್ಲ, ಅವರಿಗೆ ಎಚ್ಚರ ಇರಲಿಲ್ಲ. ಇದನ್ನ ಮೊದಲೇ ಬರೆದಿದ್ದರೆ ನೀನು ಉಳಿದ ಮೂವತ್ತಾರು ಜನರ ಮಾತು ಕೇಳ್ತಿರಲಿಲ್ಲ, ಅದಕ್ಕೇ ಕೊನೆಗೆ ಇಟ್ಟೆ. ಬೈದುಕೋ. ನೀನು ಯಾಕೆ ಹೋದೆ ಅಂತ ನಾನು ಬರೆದದ್ದಕ್ಕೆ ಅವರು ಕೊಟ್ಟ ಉತ್ತರವನ್ನ ಹಾಗೇ ಇಳಿಸಿದೀನಿ: ‘ಆ ಎರಡು ಮಿಲಿಮೀಟರ್ ನಾನೇ ಕೇಳಿ ಹಾಕಿಸಿಕೊಂಡದ್ದು, ಇವರಿಗೆ ನೆನಪಿಲ್ಲವೇ? ನೆಟ್ಟಗೆ ನಡೆದದ್ದು ಅದರಿಂದಲೇ. ಈಗ ಎಡಗಾಲಿನದು ಸವೆದಿದೆ. ನನ್ನ ಅಳತೆ ಅವರ ಹತ್ತಿರ ಇದೆ, ಬೇರೆ ಯಾರಿಗೂ ನಾನು ಕಾಲು ತೋರಿಸುವುದಿಲ್ಲ.’ ಅವರ ಅಚ್ಚು ಹುಡುಕಿ ಮೇಜಿನ ಮೇಲೆ ಇಟ್ಟುಕೊಂಡೇ ಇದನ್ನ ಬರೀತಿದ್ದೀನಿ. ಹೊರಡು ಕಣೋ.